ಬಾಟಲಿಯ ಡಿಪಾಸಿಟ್ 10 ರೂಪಾಯಿ ಅಂದರೆ 10 ರೂಪಾಯಿಯೇ ಆಗಿರಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವ ಊರಿನ ಬಸ್ ಸ್ಟ್ಯಾಂಡ್ ಹತ್ತಿರವಾದರೂ ಸರಿ, ಮೇ ತಿಂಗಳಲ್ಲಿ ಒಂದು ಲೀಟರ್ ತಣ್ಣನೆಯ ನೀರಿನ ಬಾಟಲಿ ಕೇಳಿ ನೋಡಿ. ಬಾಟಲಿ ಮೇಲೆ 20 ರೂಪಾಯಿ ಅಂತ ಇದೆ ಅಂದುಕೊಳ್ಳಿ. ಅಂಗಡಿಯವರು 25 ಕೇಳುತ್ತಾರೆ. "ಮ್ಯಾಲೆ ಇಪ್ಪತ್ತ ಐತಲ್ರೀ ಅಣ್ಣಾ" ಅಂದರೆ ಉತ್ತರ ರೆಡಿ ಇರುತ್ತದೆ: "ಕೂಲಿಂಗ್ ಚಾರ್ಜ್ ರೀ. ಫ್ರಿಜ್ಜಿನ ಕರೆಂಟ್ ಬಿಲ್ ಯಾರ್ ಕಟ್ತಾರ?" ಹೊರಗೆ 42 ಡಿಗ್ರಿ ಬಿಸಿಲು, ಮಗು ನೀರು ಕೇಳುತ್ತಿದೆ, ಬಸ್ಸು ಹಾರ್ನ್ ಹೊಡೆಯುತ್ತಿದೆ. ಐದು ರೂಪಾಯಿಗೆ ಯಾರು ಜಗಳ ಆಡುತ್ತಾರೆ? ಕೊಟ್ಟು ಬಸ್ ಹತ್ತುತ್ತಾರೆ.

ಕಾನೂನಿನಲ್ಲಿ ಕೂಲಿಂಗ್ ಚಾರ್ಜ್ ಅನ್ನುವುದು ಇಲ್ಲವೇ ಇಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ. ಅದರ ಅಡಿಯಲ್ಲಿ ಪ್ಯಾಕ್ ಮಾಡಿದ ಸಾಮಾನಿಗೆ 2011ರಲ್ಲಿ ಬಂದ ನಿಯಮಗಳಿವೆ. ಪ್ಯಾಕ್ ಮೇಲೆ ಅಚ್ಚಾದ ಬೆಲೆಗಿಂತ ಒಂದು ರೂಪಾಯಿಯೂ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ ಅಂತ ಅವು ಹೇಳುತ್ತವೆ. ತೆರಿಗೆಯೆಲ್ಲ ಆ ಬೆಲೆಯೊಳಗೇ ಸೇರಿದೆ. ಹೋಟೆಲ್, ರೆಸ್ಟೋರೆಂಟ್‌ನಲ್ಲಿ ಕೂತು ಕುಡಿಯುವ ಬಾಟಲಿ ನೀರಿಗೆ ಮಾತ್ರ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿನಾಯ್ತಿ ಕೊಟ್ಟಿತು, ಅಲ್ಲಿ ಸೇವೆಯೂ ಸೇರಿರುತ್ತದೆ ಅನ್ನುವ ಕಾರಣಕ್ಕೆ. ರಸ್ತೆ ಬದಿಯ ಅಂಗಡಿಗೆ ಆ ತೀರ್ಪು ಅನ್ವಯಿಸುವುದಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಖಾಲಿ ಬಾಟಲಿಗೆ ಡಿಪಾಸಿಟ್ ಇಡುವ ಪದ್ಧತಿ ಪಕ್ಕದ ರಾಜ್ಯಗಳಿಗೆ ಬಂದಾಗಿದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರ ಮೇ ತಿಂಗಳಲ್ಲಿ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡಲು ಶುರು ಮಾಡಿದವು. ಕಾಡಿನಲ್ಲಿ ಎಸೆದ ಗಾಜು ಆನೆಗಳ ಕಾಲು ಸೀಳುತ್ತಿದೆ ಅನ್ನುವ ವಿಷಯ ಮದ್ರಾಸ್ ಹೈಕೋರ್ಟ್ ಮುಂದೆ ಬಂದಿತ್ತು. ಅಲ್ಲಿಂದ ಹುಟ್ಟಿದ ವ್ಯವಸ್ಥೆ ಅದು. ಅದೇ ವರ್ಷ ಕೇದಾರನಾಥದ ದಾರಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಕ್ಯೂಆರ್ ಕೋಡ್ ಅಂಟಿಸಿ 10 ರೂಪಾಯಿ ಡಿಪಾಸಿಟ್ ಇಟ್ಟರು. ಕೇರಳ 2025ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರ ಮತ್ತು ಕಣ್ಣೂರಿನ ಕೆಲವು ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 20 ರೂಪಾಯಿ ಡಿಪಾಸಿಟ್ ಪ್ರಯೋಗ ಆರಂಭಿಸಿತು. ಪ್ಲಾಸ್ಟಿಕ್ ತ್ಯಾಜ್ಯದ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ, ಕಂಪನಿಗಳು ಬೇಕಾದರೆ ಇಂಥ ಡಿಪಾಸಿಟ್ ವ್ಯವಸ್ಥೆ ನಡೆಸಬಹುದು ಅಂತ ಇದೆ.

ನಮ್ಮ ಕಡೆಗೂ ಇದು ಬರಬೇಕು. ತುಂಗಭದ್ರಾ ಕಾಲುವೆಗಳ ತೂಬಿನ ಹತ್ತಿರ ಸಿಕ್ಕಿಕೊಂಡ ಬಾಟಲಿಗಳನ್ನು, ಗದ್ದೆಯ ಬದುವಿನಲ್ಲಿ ಒಡೆದು ಬಿದ್ದ ಕ್ವಾರ್ಟರ್ ಬಾಟಲಿಗಳನ್ನು ನೋಡಿದವರು ಬೇಡ ಅನ್ನಲಾರರು. ನಾಟಿಗೆ ಇಳಿಯುವ ಹೆಣ್ಣುಮಕ್ಕಳು ಬರಿಗಾಲಲ್ಲಿ ಇಳಿಯುತ್ತಾರೆ. ಆ ಗಾಜಿನ ಚೂರು ಯಾರ ಕಾಲಿಗೆ ಹೊಕ್ಕುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಕೂಲಿಂಗ್ ಚಾರ್ಜ್ ರೂಢಿಯಾದ ಊರಿಗೆ ಡಿಪಾಸಿಟ್ ಅನ್ನು ಸುಮ್ನೆ ತಂದು ಇಟ್ಟರೆ, ಜಾಸ್ತಿ ವಸೂಲಿಗೆ ಇನ್ನೊಂದು ಹೆಸರು ಸಿಕ್ಕ ಹಾಗಾಗುತ್ತದೆ. ಹತ್ತು ಇರಬೇಕಾದದ್ದು ಹದಿನೈದಾಗುತ್ತದೆ. ವಾಪಸ್ ಬರಬೇಕಾದದ್ದು ಬರುವುದೇ ಇಲ್ಲ.

ಅದನ್ನು ತಡೆಯಲು ಎರಡು ವಿಷಯ ಗಟ್ಟಿ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಡಿಪಾಸಿಟ್ ಎಷ್ಟು ಅನ್ನುವುದು ಅಂಗಡಿಯವರ ಬಾಯಲ್ಲಿ ಇರಬಾರದು, ಬಾಟಲಿಯ ಮೈಮೇಲೆ ಇರಬೇಕು. ಮತ್ತೆ, ವಾಪಸ್ ಬಾರದ ಬಾಟಲಿಯ ದುಡ್ಡು ಅಂಗಡಿಯ ಗಲ್ಲಾದಲ್ಲಿ ಉಳಿಯಬಾರದು.

ಮೊದಲನೆಯದು ಯಾಕೆ ಅಷ್ಟು ಮುಖ್ಯ? ನಮ್ಮ ದೇಶದ ಗ್ರಾಹಕರ ಕೈಯಲ್ಲಿರುವ ದೊಡ್ಡ ಆಯುಧ ಎಂಆರ್‌ಪಿ. ಓದು ಬರದವರಿಗೂ ಪ್ಯಾಕೆಟ್ ಮೇಲಿನ ಆ ಅಂಕಿ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಕೇಳಿದರೆ ತಪ್ಪು ಅಂಗಡಿಯವರದ್ದೇ. ಅಷ್ಟು ಸರಳ. ಡಿಪಾಸಿಟ್ ಬಂದ ದಿನ ಈ ಸರಳ ಲೆಕ್ಕ ಮುರಿಯುತ್ತದೆ. 20 ರೂಪಾಯಿ ಬಾಟಲಿಗೆ 30 ಕೊಡುವುದು ಸರಿ ಅಂತ ಸರ್ಕಾರವೇ ಹೇಳಿದ ಹಾಗಾಯಿತು. ಆಮೇಲೆ 35 ಕೇಳಿದರೆ ಅದರಲ್ಲಿ ನೀರಿಗೆಷ್ಟು, ಡಿಪಾಸಿಟ್ ಎಷ್ಟು, ಕೂಲಿಂಗ್ ಎಷ್ಟು ಅಂತ ಯಾರು ಬಿಡಿಸಿ ನೋಡುತ್ತಾರೆ? ತಮಿಳುನಾಡಿನಲ್ಲಿ ಈ ಗೋಜಲು ಕಣ್ಣಿಗೆ ಕಾಣುವ ಹಾಗಿದೆ. ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಎಂಆರ್‌ಪಿ ಮೇಲೆ 10 ರೂಪಾಯಿ ಕೀಳುತ್ತಾರೆ ಅನ್ನುವ ದೂರು ಹಳೆಯದು. ಡಿಪಾಸಿಟ್ ಕೂಡ 10 ರೂಪಾಯಿಯೇ. ಮೊತ್ತ ಒಂದೇ ಆದಾಗ ಕೊಟ್ಟದ್ದು ಡಿಪಾಸಿಟ್ಟೋ ಸುಲಿಗೆಯೋ ಅಂತ ಗೊತ್ತಾಗಬೇಕಾದರೆ ಕೈಯಲ್ಲಿ ಬಿಲ್ ಇರಬೇಕು.

ನಮ್ಮಲ್ಲಿ ಇನ್ನೂ ಒಂದು ಕಷ್ಟ ಇದೆ. ತಮಿಳುನಾಡು, ಕೇರಳದಲ್ಲಿ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಕೈಯಲ್ಲಿದೆ. ಮಾಲೀಕ ಒಬ್ಬನೇ, ಆದೇಶ ಒಂದೇ. ಕರ್ನಾಟಕದಲ್ಲಿ ಎಂಎಸ್‌ಐಎಲ್ ಮಳಿಗೆಗಳನ್ನು ಬಿಟ್ಟರೆ ವೈನ್ ಶಾಪುಗಳು ಖಾಸಗಿಯವರದ್ದು. ನೀರು, ಸೋಡಾ, ಕೂಲ್ ಡ್ರಿಂಕ್ ಅಂತೂ ಕಿರಾಣಿ ಅಂಗಡಿ, ಬೇಕರಿ, ಡಬ್ಬಾ ಅಂಗಡಿ, ಪಂಕ್ಚರ್ ಅಂಗಡಿಯ ಐಸ್ ಬಾಕ್ಸು, ಎಲ್ಲ ಕಡೆ ಸಿಗುತ್ತದೆ. ಇಷ್ಟು ಕೈಗಳನ್ನು ಬರೀ ಆದೇಶದಿಂದ ಹಿಡಿಯಲು ಆಗುವುದಿಲ್ಲ.

ಡಿಪಾಸಿಟ್ ನಮಗೆ ಹೊಸದೇನೂ ಅಲ್ಲ. ಗಾಜಿನ ಬಾಟಲಿಯ ಕೂಲ್ ಡ್ರಿಂಕ್ ಕಾಲ ನೆನಪಿದ್ದವರಿಗೆ ಗೊತ್ತು: ಅಲ್ಲೇ ನಿಂತು ಕುಡಿದರೆ ಬರೀ ಬೆಲೆ, ಮನೆಗೆ ಒಯ್ದರೆ ಬಾಟಲಿಗೆ ಡಿಪಾಸಿಟ್. ಗುರುತಿನವರಿಗೆ ಡಿಪಾಸಿಟ್ ಇಲ್ಲ, ಹೊಸಬರಿಗೆ ಬಾಯಿಗೆ ಬಂದಷ್ಟು. ವಾಪಸ್ ಕೊಡುವ ಗಾಜಿನ ಬಾಟಲಿಯಾದರೆ ಎಂಆರ್‌ಪಿಯನ್ನು ಮುಚ್ಚಳದ ಮೇಲೆ ಹಾಕಬಹುದು ಅಂತ 2011ರ ನಿಯಮಗಳಲ್ಲೂ ಇದೆ. ಬೆಲೆಗೆ ಮುಚ್ಚಳದ ಮೇಲೆ ಜಾಗ ಸಿಕ್ಕಿತ್ತು, ಡಿಪಾಸಿಟ್‌ಗೆ ಎಲ್ಲೂ ಸಿಕ್ಕಿರಲಿಲ್ಲ.

ಇವತ್ತಿಗೂ ಮನೆಮನೆಯಲ್ಲಿ ಎರಡು ಡಿಪಾಸಿಟ್ ನಡೆಯುತ್ತಿವೆ. ಒಂದು 20 ಲೀಟರ್ ನೀರಿನ ಕ್ಯಾನಿನದ್ದು. ಇನ್ನೊಂದು ಗ್ಯಾಸ್ ಸಿಲಿಂಡರಿನದ್ದು. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಲೇಖನದ ಅರ್ಧ ವಾದ ಅಲ್ಲೇ ಸಿಗುತ್ತದೆ.

ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಾನು ನೀರಿನ ಕ್ಯಾನಿಗೆ 200 ರೂಪಾಯಿ ಡಿಪಾಸಿಟ್ ಕೊಟ್ಟಿದ್ದೆ. ಅದೇ ಗಾಡಿಯಿಂದ ಅಂಥದ್ದೇ ಕ್ಯಾನ್ ತೆಗೆದುಕೊಂಡ ಎದುರು ಮನೆಯ ಅಕ್ಕ 150 ಕೊಟ್ಟಿದ್ದರು. ಮನೆ ಖಾಲಿ ಮಾಡುವ ದಿನ ಕ್ಯಾನ್ ತೊಳೆದು ಇಟ್ಟಿದ್ದೆ. ನೀರಿನ ಹುಡುಗ ಅದನ್ನು ಮಗುಚಿ, ತಳಕ್ಕೆ ಬೆರಳು ಆಡಿಸಿ, "ಗೀರು ಬಿದ್ದೈತೆ ಸರ್, ಓನರು ನೂರೇ ಕೊಡಾಕೆ ಹೇಳ್ಯಾರೆ" ಅಂದ. ಗೀರು ಬಂದ ದಿನವೇ ಇತ್ತು. ಹಾಗಂತ ತೋರಿಸಲು ನನ್ನ ಹತ್ತಿರ ಚೀಟಿ ಇಲ್ಲ, ಫೋಟೋ ಇಲ್ಲ. ಆ ಹುಡುಗನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅವನದ್ದು ದಿನಗೂಲಿ. ನೂರು ರೂಪಾಯಿ ಹೋಯಿತು.

ಈಗ ಸಿಲಿಂಡರ್ ನೋಡಿ. 14.2 ಕೆಜಿ ಮನೆಬಳಕೆ ಸಿಲಿಂಡರಿನ ಡಿಪಾಸಿಟ್ 2022ರ ಜೂನ್‌ನಲ್ಲಿ 1,450ರಿಂದ 2,200 ರೂಪಾಯಿಗೆ ಏರಿತು, ರೆಗ್ಯುಲೇಟರಿನದ್ದು 150ರಿಂದ 250ಕ್ಕೆ. ಏರಿದ್ದು ಜನರಿಗೆ ಹೊರೆಯಾಯಿತು, ಅದು ಬೇರೆ ಮಾತು. ಆದರೆ ಸಿರುಗುಪ್ಪದ ಏಜೆನ್ಸಿಯಲ್ಲೂ ಅಷ್ಟೇ, ಬೆಂಗಳೂರಿನ ಏಜೆನ್ಸಿಯಲ್ಲೂ ಅಷ್ಟೇ. ದುಡ್ಡು ಕಟ್ಟಿದ್ದಕ್ಕೆ ವೋಚರ್ ಸಿಗುತ್ತದೆ. ಕನೆಕ್ಷನ್ ಬಿಟ್ಟರೆ ವೋಚರಿನಲ್ಲಿ ಬರೆದ ದುಡ್ಡು ವಾಪಸ್ ಬರುತ್ತದೆ. ಆ ಡಿಪಾಸಿಟ್ ಇರುವುದು ಕಂಪನಿಯ ಲೆಕ್ಕದಲ್ಲಿ, ಏಜೆನ್ಸಿಯವರ ಜೇಬಿನಲ್ಲಿ ಅಲ್ಲ. ಸಿಲಿಂಡರ್ ಮನೆಗೆ ತಂದುಕೊಡುವಾಗ ಕೈಗೆ ಕೇಳುವ ಮೂವತ್ತು ನಲವತ್ತು ರೂಪಾಯಿಯ ಬಗ್ಗೆ ದೂರು ಬೇಕಾದಷ್ಟು ಇವೆ. ಡಿಪಾಸಿಟ್ ನುಂಗಿದರು ಅನ್ನುವ ದೂರು ಅಷ್ಟು ಕಿವಿಗೆ ಬೀಳುವುದಿಲ್ಲ. ಜನ ಅವರೇ, ಊರು ಅದೇ. ಬೇರೆ ಇರುವುದು ಏರ್ಪಾಡು ಮಾತ್ರ.

ಕಾನೂನಿನ ಕಡೆಯಿಂದಲೂ ಇದನ್ನು ನೋಡಬೇಕು. ವಾಪಸ್ ಕೊಡಬೇಕಾದ ದುಡ್ಡು ಸಾಮಾನಿನ ಬೆಲೆಯಲ್ಲ. ಜಿಎಸ್‌ಟಿ ಕಾಯ್ದೆಯಲ್ಲೂ ಹಾಗೇ ಇದೆ: ಡಿಪಾಸಿಟ್ ಅನ್ನು ಬೆಲೆಗೆ ಹೊಂದಿಸಿಕೊಳ್ಳದ ತನಕ ಅದು ಪಾವತಿ ಅಲ್ಲ. ಹಾಗಾಗಿ ಬಿಲ್ ಮಷಿನ್ನಿನಲ್ಲಿ ನೀರಿನ ಬೆಲೆಗೆ ಡಿಪಾಸಿಟ್ ಸೇರಿಸಿ, ಒಟ್ಟಿಗೆ ತೆರಿಗೆ ಹಾಕುವುದು ತಪ್ಪು. ಇದೇ ತರ್ಕವನ್ನು ಮುಂದಕ್ಕೆ ಎಳೆದರೆ ಇನ್ನೊಂದು ಮಾತು ಬರುತ್ತದೆ. ಅಂಗಡಿಯವರು ಖಾಲಿ ಬಾಟಲಿ ತೆಗೆದುಕೊಳ್ಳಲ್ಲ ಅಂದ ಕ್ಷಣ ಆ 10 ರೂಪಾಯಿ ಡಿಪಾಸಿಟ್ ಆಗಿ ಉಳಿಯುವುದಿಲ್ಲ. ಅದು ಎಂಆರ್‌ಪಿ ಮೇಲೆ ವಸೂಲಿ ಮಾಡಿದ ದುಡ್ಡಾಗುತ್ತದೆ. ಮಾರುವಾಗ ಜಾಸ್ತಿ ತೆಗೆದುಕೊಳ್ಳುವುದಕ್ಕೂ ವಾಪಸ್ ಕೊಡುವಾಗ ಕಡಿಮೆ ಕೊಡುವುದಕ್ಕೂ ವ್ಯತ್ಯಾಸ ಇಲ್ಲ. ಡಿಪಾಸಿಟ್ ನಿಯಮ ಬರೆಯುವವರು ಎರಡಕ್ಕೂ ಒಂದೇ ದಂಡ ಬರೆಯಬೇಕು.

ಹೊರದೇಶಗಳಲ್ಲಿ ಈ ವ್ಯವಸ್ಥೆಗೆ ಐವತ್ತು ವರ್ಷ ದಾಟಿದೆ. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಕಾನೂನು ಮಾಡಿತು. ನಮಗೆ ಹೆಚ್ಚು ಪಾಠ ಸಿಗುವುದು ಕ್ಯಾಲಿಫೋರ್ನಿಯಾದಿಂದ. ಅಲ್ಲಿ 24 ಔನ್ಸ್, ಅಂದರೆ ಸುಮಾರು 710 ಮಿಲಿಗಿಂತ ಸಣ್ಣ ಬಾಟಲಿಗೆ 5 ಸೆಂಟ್, ಅದಕ್ಕಿಂತ ದೊಡ್ಡದಕ್ಕೆ 10 ಸೆಂಟ್. ಅರ್ಧ ಲೀಟರಿನ 24 ಬಾಟಲಿಗಳ ಪ್ಯಾಕಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ತಪ್ಪು ದರ ಕೂತಿದೆ ಅಂತ ಇಟ್ಟುಕೊಳ್ಳಿ. 1 ಡಾಲರ್ 20 ಸೆಂಟ್ ಆಗಬೇಕಾದದ್ದು 2 ಡಾಲರ್ 40 ಸೆಂಟ್ ಆಗುತ್ತದೆ. ಉದ್ದನೆಯ ಬಿಲ್ಲಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಲಿಗೆ ಅಲ್ಲಿ ಡಿಪಾಸಿಟ್ ಇಲ್ಲ. ವೈನ್ ಮತ್ತು ಮದ್ಯಕ್ಕೆ 2024ರ ಜನವರಿಯಿಂದ ಬಂತು. ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ ಉದ್ದವಾದಷ್ಟೂ ತಪ್ಪಿಗೂ ಮೋಸಕ್ಕೂ ಜಾಗ ಜಾಸ್ತಿ. ನಮ್ಮ ಸಣ್ಣ ಅಂಗಡಿಗಳಿಗೆ ಶುರುವಿನಲ್ಲಿ ಒಂದೇ ದರ ಇರಲಿ. 10 ರೂಪಾಯಿಯ ಸಣ್ಣ ನೀರಿನ ಬಾಟಲಿಗೆ 10 ರೂಪಾಯಿ ಡಿಪಾಸಿಟ್ ವಿಪರೀತ ಅನ್ನಿಸಿದರೆ, ಸಣ್ಣ ಅಳತೆಯನ್ನು ಮೊದಲ ಹಂತದಲ್ಲಿ ಹೊರಗಿಟ್ಟರೂ ಆದೀತು. ಆದರೆ ಅಂಗಡಿಗೊಂದು ಲೆಕ್ಕ ಬೇಡ.

ವ್ಯವಸ್ಥೆ ಶುರುವಾಗುವ ಮೊದಲ ಕೆಲವು ವಾರಗಳೇ ಅಪಾಯದ ಹೊತ್ತು. ಅಂಗಡಿಯಲ್ಲಿ ಹಳೇ ಸ್ಟಾಕ್ ಇರುತ್ತದೆ. ಅದನ್ನು ತರುವಾಗ ಅಂಗಡಿಯವರು ಕಂಪನಿಯ ವಿತರಕರಿಗೆ ಡಿಪಾಸಿಟ್ ಕಟ್ಟಿರುವುದಿಲ್ಲ. ಹೊಸ ನಿಯಮ ಬಂದಿದೆ ಅಂತ ಅದರ ಮೇಲೂ 10 ರೂಪಾಯಿ ತೆಗೆದುಕೊಂಡರೆ ಪೂರ್ತಿ ಹತ್ತೂ ಗಲ್ಲಾಕ್ಕೆ ಹೋಯಿತು. ಗುರುತು ಇಲ್ಲದ ಬಾಟಲಿಗೆ ವಾಪಸ್ ದುಡ್ಡೂ ಸಿಗುವುದಿಲ್ಲ. ಇದಕ್ಕೆ ಮದ್ದು ಸುಲಭ: ಬಾಟಲಿ ಮೇಲೆ ಗುರುತು ಇಲ್ಲ ಅಂದರೆ ಡಿಪಾಸಿಟ್ ಇಲ್ಲ. ಈ ಒಂದು ಮಾತನ್ನು ಆಟೋದಲ್ಲಿ ಮೈಕ್ ಕಟ್ಟಿ ಊರೂರು ಸಾರಿದರೂ ಕಮ್ಮಿಯೇ. ಗುರುತು ಅಂದರೆ ಬರೀ ಕ್ಯೂಆರ್ ಕೋಡ್ ಸಾಲದು. ಎಂಆರ್‌ಪಿಯ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ, ಕನ್ನಡದಲ್ಲಿ "ಡಿಪಾಸಿಟ್ ರೂ. 10, ವಾಪಸ್ ಸಿಗುತ್ತದೆ" ಅಂತ ಅಚ್ಚಾಗಬೇಕು. ಕ್ಯೂಆರ್ ಇರುವುದು ಮಷಿನ್ನಿಗೆ. ಅಂಕಿ ಇರುವುದು ಮನುಷ್ಯರಿಗೆ.

ಅಂಗಡಿಯವರ ಕಡೆಯ ಮಾತನ್ನೂ ಕೇಳಬೇಕು. ಅವರನ್ನು ಕಳ್ಳರ ಹಾಗೆ ನೋಡಿದರೆ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. ಎಂಟು ಅಡಿ ಅಗಲದ ಅಂಗಡಿ. ಅಕ್ಕಿ ಚೀಲ, ಎಣ್ಣೆ ಡಬ್ಬ, ಬಿಸ್ಕತ್ ಬಾಕ್ಸುಗಳ ಮಧ್ಯೆ ಮಾಲೀಕರೇ ಅಡ್ಡ ತಿರುಗಿ ನಿಂತಿರುತ್ತಾರೆ. ಅಲ್ಲಿ ಖಾಲಿ ಬಾಟಲಿ ಎಲ್ಲಿಡಬೇಕು? ತಳದಲ್ಲಿ ಉಳಿದ ಸಕ್ಕರೆ ನೀರಿಗೆ ಇರುವೆ ಮುತ್ತುತ್ತದೆ, ನೊಣ ಬರುತ್ತದೆ. ಬೇರೆ ಅಂಗಡಿಯಲ್ಲಿ ಕೊಂಡ ಬಾಟಲಿ ತಂದವರಿಗೆ ತಮ್ಮ ಗಲ್ಲಾದಿಂದ ದುಡ್ಡು ಕೊಡಬೇಕು, ಅದು ಕಂಪನಿಯಿಂದ ಯಾವಾಗ ಬರುತ್ತದೋ ಗೊತ್ತಿಲ್ಲ. ನೀಲಗಿರಿಯಲ್ಲಿ ಶುರುವಾದ ಯೋಜನೆ ಬೇರೆ ಜಿಲ್ಲೆಗಳಿಗೆ ಹಬ್ಬಿದಾಗ, ಜಾಗ ಇಲ್ಲ, ಜನ ಇಲ್ಲ ಅಂತ ತಮಿಳುನಾಡಿನ ಮದ್ಯದಂಗಡಿ ನೌಕರರೇ ವಿರೋಧ ಮಾಡಿದರು. ಸರ್ಕಾರಿ ಸಂಬಳದವರ ಕಷ್ಟವೇ ಹಾಗಿದ್ದರೆ ಡಬ್ಬಾ ಅಂಗಡಿಯವರ ಪಾಡು ಏನು? ಈ ಖರ್ಚನ್ನು ಯಾರೂ ಕೊಡದಿದ್ದರೆ ಅವರು ಅದನ್ನು ಡಿಪಾಸಿಟ್‌ನಲ್ಲೇ ಹಿಡಿದುಕೊಳ್ಳುತ್ತಾರೆ. "ಹತ್ತರಾಗ ಎಂಟು ತಗೋರಿ, ಎರಡು ನಮ್ಮ ಖರ್ಚು" ಅನ್ನುವುದು ಶುರುವಾಗುತ್ತದೆ.

ನ್ಯೂಯಾರ್ಕ್ ರಾಜ್ಯ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಅಲ್ಲಿ ಡಿಪಾಸಿಟ್ 5 ಸೆಂಟ್. ಖಾಲಿ ಬಾಟಲಿ ವಾಪಸ್ ತೆಗೆದುಕೊಂಡ ಅಂಗಡಿಗೆ, ಆ 5 ಸೆಂಟ್ ಜೊತೆಗೆ ಬಾಟಲಿಗೆ 3.5 ಸೆಂಟ್ ಕೂಲಿಯನ್ನು ಕಂಪನಿ ಅಥವಾ ಅದರ ವಿತರಕರು ಕೊಡಬೇಕು. ಬಾಟಲಿ ವಾಪಸ್ ಬಂದಷ್ಟೂ ಅಂಗಡಿಗೆ ಲಾಭ, ಬಾರದಿದ್ದರೆ ಏನೂ ಇಲ್ಲ. ಯಾರೂ ವಾಪಸ್ ಕೇಳದ ಡಿಪಾಸಿಟ್‌ನಲ್ಲಿ ಶೇ. 80 ಅಲ್ಲಿ ರಾಜ್ಯದ ಖಜಾನೆಗೆ ಹೋಗುತ್ತದೆ. ಮಿಷಿಗನ್‌ನಲ್ಲಿ ಅಂಥ ದುಡ್ಡಿನ ಶೇ. 75 ರಾಜ್ಯಕ್ಕೆ, ಶೇ. 25 ಅಂಗಡಿಗಳಿಗೆ. ನನಗೆ ಎರಡನೆಯದು ಒಪ್ಪಿಗೆ ಇಲ್ಲ. ವಾಪಸ್ ಬಾರದ ಬಾಟಲಿಯಿಂದ ಅಂಗಡಿಗೆ ಕಾಸು ಬರುವ ದಾರಿ ಸ್ವಲ್ಪವೂ ತೆರೆದಿರಬಾರದು. ಜರ್ಮನಿಯಲ್ಲಿ ಒಮ್ಮೆ ಬಳಸಿ ಬಿಡುವ ಬಾಟಲಿ, ಕ್ಯಾನಿಗೆ 25 ಸೆಂಟ್ ಡಿಪಾಸಿಟ್. 200 ಚದರ ಮೀಟರಿಗಿಂತ ಸಣ್ಣ ಅಂಗಡಿಗಳು ತಾವು ಮಾರುವ ಬ್ರ್ಯಾಂಡುಗಳನ್ನು ಮಾತ್ರ ವಾಪಸ್ ತೆಗೆದುಕೊಂಡರೆ ಸಾಕು. ಸಣ್ಣವರಿಗೆ ಇಂಥ ರಿಯಾಯಿತಿ ನಮ್ಮಲ್ಲೂ ಬೇಕು. ಆದರೆ ಅದರ ಜೊತೆಗೆ ನಡೆದು ಹೋಗುವಷ್ಟು ಹತ್ತಿರ ಒಂದು ವಾಪಸಾತಿ ಕೇಂದ್ರ ಇರಬೇಕು. ಇಲ್ಲದಿದ್ದರೆ ಹತ್ತು ರೂಪಾಯಿಗಾಗಿ ಮಸ್ಕಿಯಿಂದ ಸಿಂಧನೂರಿಗೆ ಯಾರು ಹೋಗುತ್ತಾರೆ?

ತಪಾಸಣೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದು ಇಳಿದರೆ ಎಲ್ಲ ಅಂಗಡಿಯಲ್ಲೂ ಎಂಆರ್‌ಪಿಯೇ ಇರುತ್ತದೆ. ಗ್ರಾಹಕರ ವೇಷದಲ್ಲಿ ಹೋಗಿ ಕೊಂಡು, ಆಮೇಲೆ ಬಾಟಲಿ ವಾಪಸ್ ಕೊಟ್ಟು ನೋಡಬೇಕು. ದಂಡ ಎಷ್ಟಿರಬೇಕು ಅಂದರೆ, ದಿನಕ್ಕೆ 100 ಬಾಟಲಿ ಮಾರುವ ಅಂಗಡಿ ಒಂದೊಂದರ ಮೇಲೆ 5 ರೂಪಾಯಿ ಜಾಸ್ತಿ ತೆಗೆದುಕೊಂಡರೆ ತಿಂಗಳಿಗೆ 15,000 ಆಯಿತು. ದಂಡ ಅದಕ್ಕಿಂತ ಕಡಿಮೆ ಇದ್ದರೆ ಅದನ್ನೂ ಖರ್ಚಿನ ಲೆಕ್ಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತಾರೆ.

ಗ್ರಾಹಕರ ಕೈಯಲ್ಲಿ ಈಗಲೇ ಇರುವ ದಾರಿಯೂ ಇದೆ. ಬಿಲ್ ಕೊಡದೆ ಇರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಎಂಆರ್‌ಪಿ ವಿಷಯಕ್ಕೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಜನರ ಬಾಯಲ್ಲಿ ತೂಕ ಮತ್ತು ಅಳತೆ ಇಲಾಖೆಗೆ, ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಆದರೆ ಐದು ರೂಪಾಯಿಗೆ ಆಯೋಗದ ಮೆಟ್ಟಿಲು ಹತ್ತುವವರು ಕಡಿಮೆ. ಹಾಗಾಗಿಯೇ ಮೋಸ ಆದ ಮೇಲೆ ದೂರುವುದಕ್ಕಿಂತ, ಮೋಸಕ್ಕೆ ಜಾಗವೇ ಇಲ್ಲದ ಏರ್ಪಾಡು ಬೇಕು ಅನ್ನುತ್ತಿರುವುದು.

ಶುರು ಎಲ್ಲಿಂದ ಅಂದರೆ, ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟದಿಂದ ಮಾಡಬಹುದು. ಸುಮಾರು 575 ಮೆಟ್ಟಿಲು, ನೆರಳು ಕಮ್ಮಿ, ಹತ್ತುವವರ ಕೈಯಲ್ಲೆಲ್ಲ ನೀರಿನ ಬಾಟಲಿ. ಹೋಗುವ ದಾರಿ, ಬರುವ ದಾರಿ ಗೊತ್ತಿರುವ ಜಾಗ. ಕೇದಾರನಾಥದಂಥ ಯಾತ್ರಾಸ್ಥಳವನ್ನು ಆರಿಸಿಕೊಂಡದ್ದಕ್ಕೂ ಇಂಥದ್ದೇ ಅನುಕೂಲ ಇತ್ತು. ಬಾಟಲಿ ವಾಪಸ್ ತೆಗೆದುಕೊಳ್ಳುವ ಕೌಂಟರನ್ನು ಮಾತ್ರ ಅಂಗಡಿಯವರಿಗೆ ಕೊಡಬಾರದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಓಡಿಸುತ್ತಾರೆ, ಕಸ ಬೇರೆ ಮಾಡುತ್ತಾರೆ. ಬಾಟಲಿಗೆ ಇಷ್ಟು ಅಂತ ಕಂಪನಿಯಿಂದ ಕೂಲಿ ಕೊಡಿಸಿ ಅವರಿಗೇ ಕೌಂಟರ್ ಒಪ್ಪಿಸಬೇಕು. ಮಾರುವವರು ಒಬ್ಬರು, ದುಡ್ಡು ವಾಪಸ್ ಕೊಡುವವರು ಇನ್ನೊಬ್ಬರು ಆದರೆ ಒಂದು ಲಾಭ ಇದೆ. ಕೌಂಟರಿನಲ್ಲಿ 10 ಸಿಕ್ಕಿದವರು ಕೆಳಗೆ 15 ಕೊಟ್ಟಿದ್ದನ್ನು ಅಲ್ಲೇ ಹೇಳುತ್ತಾರೆ. ಯಾವ ಅಂಗಡಿ ಅಂತ ಅಂದೇ ಗೊತ್ತಾಗುತ್ತದೆ. ವಾಪಸ್ ದುಡ್ಡು ಯುಪಿಐನಲ್ಲಿ ಹೋಗಲಿ, ಆದರೆ ನಗದೂ ಇರಬೇಕು. ಫೋನ್ ಇಲ್ಲದವರು, ಫೋನಿನಲ್ಲಿ ದುಡ್ಡು ಇಟ್ಟುಕೊಳ್ಳದವರು ನಮ್ಮಲ್ಲಿ ಬಹಳ.

ಅವರಲ್ಲಿ ಮುಖ್ಯವಾದವರು ಚಿಂದಿ ಆಯುವವರು. ಇವತ್ತು ಬಳ್ಳಾರಿಯ ಕೌಲ್ ಬಜಾರಿನಲ್ಲಾಗಲಿ ರಾಯಚೂರಿನ ಬೀದಿಗಳಲ್ಲಾಗಲಿ ಬಾಟಲಿ ಕಸದ ಗುಡ್ಡೆಗೆ ಹೋಗದಂತೆ ತಡೆಯುತ್ತಿರುವುದು ಅವರೇ, ಗುಜರಿಯವರು ತೂಕಕ್ಕೆ ಕೊಡುವ ಪುಡಿಗಾಸಿಗೆ. ಡಿಪಾಸಿಟ್ ಬಂದರೆ ಜನ ಎಸೆದು ಹೋದ ಪ್ರತಿ ಬಾಟಲಿಯೂ ಅವರಿಗೆ 10 ರೂಪಾಯಿ. ಅವರ ಬದುಕಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ಮೋಸ ಹೆಚ್ಚು ಆಗುವುದೂ ಅವರಿಗೇ. ಚೀಲ ಹೊತ್ತು ಬಂದ ಹೆಂಗಸಿಗೆ "ನೀ ಎಲ್ಲಿ ಕೊಂಡಿ? ಬಿಲ್ ತೋರಸು" ಅಂದರೆ ಆಕೆ ಏನು ತೋರಿಸುತ್ತಾಳೆ? ಐದು ಕೊಟ್ಟು ಕಳಿಸಿದರೂ ತೆಗೆದುಕೊಂಡು ಹೋಗುತ್ತಾಳೆ. ಹಾಗಾಗಿ ಕರ್ನಾಟಕ ನಿಯಮ ಮಾಡುವ ದಿನ ಅದರಲ್ಲಿ ಈ ಸಾಲು ಇರಲೇಬೇಕು: ಗುರುತಿರುವ ಬಾಟಲಿ ಯಾರು ತಂದರೂ, ಬಿಲ್ ಕೇಳದೆ, ಅದರ ಮೇಲೆ ಅಚ್ಚಾದ ಡಿಪಾಸಿಟ್ ಪೂರ್ತಿ ಕೊಡತಕ್ಕದ್ದು.